ಎರಡು ಬೆರಳು ಸಡಲ

ಹಂಗಲ್ರೀ ಚಾಚಾ... ಹಂಗ ಬಾಗಲದಾಗ ನಿಂತು ನೋಡಿದ್ರ ಏನ್ ಕಾಣ್ತೈತಿ? ಸನೇಕ ಬರ್ರಿ. ಕುಂದರ್ರಿ. ಕುಂತು ನೋಡ್ರಿ ನಿಮ್ಮ ಕೈಗುಣ! ಇದು ಹಿಂದಿನ ಗಾಲಿ, ಇದು ಹರದ ಚೈನು. ಕಂಡ್ತಿಲ್ಲೋ?

ಹೌದು, ಒದರ್ತೀನಿ! ಒದರಬಾರದೇನು? ಟಂಟಂನ್ಯಾಗ ಗಾಡಿ ಹಾಕ್ಕೊಂಡು, ಮಗಳನ್ನ ತೊಡಿ ಮ್ಯಾಲ ಕುಂದರಿಸಿಕೊಂಡು, ಪ್ಯಾಟಿ ಮಂದಿ ಎಲ್ಲಾ ನೋಡುವಂಗ ಬಂದೀನಿ. ನೋಡ್ಲಿ! ನಜೀರಸಾಬನ ರಿಪೇರಿ ಹ್ಯಾಂಗಿರ್ತೈತಿ ಅಂತ ಗಜೇಂದ್ರಗಡಕ್ಕೆಲ್ಲಾ ಗೊತ್ತಾಗ್ಲಿ!

ಏನ್ ನನ್ನ ಮಾರಿ ನೋಡ್ತೀರಿ? ಗುರ್ತ ಹತ್ತಲಿಲ್ಲೇನು? ನೀವು ಬಾಯಿ ತುಂಬ "ಶಂಭು, ಬೇಟಾ" ಅಂತ ಕರೀತೀರಲ್ಲ, ಗುಡ್ಡದ ಮ್ಯಾಲ ಕರೆಂಟ್ ಮಾಡೋ ಗಾಳಿ ಫ್ಯಾನು ಕಾಯೋ ಶಂಭುಲಿಂಗ, ಅವರ ಹೇಣ್ತಿ ನಾ. ನೇಕಾರ ಓಣಿ ಕಳಕವ್ವನ ಸೊಸಿ ನೀಲಾ. ನೋಡ್ರಿ, ಸಿಟ್ಟಿನ್ಯಾಗ ಗಂಡನ ಹೆಸರೂ ಅಂದುಬಿಟ್ಟೆ! ನಮ್ಮತ್ತಿ ಕೇಳಿದ್ರ ಅದಕ್ಕೊಂದು ರಾಮಾಯಣ ತಗೀತಾಳ.

ಇಂಥಾ ಮಿಡತಿಯಂಥ ಮೋಟರ್‌ಸೈಕಲ್ಲು ಊರಾಗ ಇದೊಂದ ಐತಿ. ಸಣ್ಣ ಇಂಜಿನ್ನು, ಎತ್ತರ ಕಾಲು, ಹಲ್ಲುಹಲ್ಲಿನ ಟಾಯರು. ಹುಬ್ಬಳ್ಳ್ಯಾಗ ಯಾರೋ ಮೋಜಿಗೆ ಓಡಿಸಿ, ಬ್ಯಾಸತ್ತು ಮಾರಿದ್ದು. ಗುಡ್ಡದ ಕಲ್ಲಿನ ದಾರ್ಯಾಗ ಬ್ಯಾರೆ ಗಾಡಿ ಹತ್ತಂಗಿಲ್ಲ, ಇದ ಹತ್ತತೈತಿ ಅಂತ ತಂದ್ರು. ತಂದ ದಿನ ದೇವರಿಗೆ ಕಾಯಿ ಒಡಿಸೋದಕ್ಕಿಂತ ಮೊದಲ ನಿಮ್ಮ ಅಂಗಡಿಗೆ ತಂದು ತೋರಿಸಿದ್ರು. ಅಷ್ಟು ನಂಬಿಗಿ! ಆ ನಂಬಿಗಿಗೆ ನೀವು ಏನ್ ಮಾಡಿದ್ರಿ?

ಏ ಶೈಲಾ! ಬಾಯಾಗಿಂದ ತಗಿ ಅದನ್ನ! ನಟ್ ತಿಂತಾರೇನ? ಈಕಡೆ ಬಾ. ಚಾಚಾ, ಆ ಡಬ್ಬಿ ಸ್ವಲ್ಪ ಎತ್ತರದಾಗ ಇಡ್ರಿ, ಇದಕ್ಕ ನಾಕ್ ವರ್ಷ ಆದ್ರೂ ಕಂಡದ್ದೆಲ್ಲಾ ಬಾಯಿಗೇ ಬೇಕು.

ಎಲ್ಲಿದ್ದೆ? ಹಾಂ. ಒಂದೂವರಿ ತಿಂಗಳಾತು. ಶನಿವಾರ ನೀವು ಈ ಚೈನು ಬಿಗಿ ಮಾಡಿದ್ರಿ, ಹಿಂದಿನ ಗಾಲಿ ಸೀದಾ ಕುಂದರಿಸಿದ್ರಿ. ಕುಂದರಿಸೀನಿ ಅಂದ್ರಿ! ಶನಿವಾರ, ರವಿವಾರ ಎರಡು ದಿನ ಚಲೋ ಓಡ್ತು. ಸೋಮವಾರ ಸಂಜಿಮುಂದ ಅವರು ಕೆಲಸಕ್ಕ ಅಂತ ಗುಡ್ಡಾ ಹತ್ತಾಕತ್ತಿದ್ರು. ಎರಡನೇ ತಿರುವಿನ್ಯಾಗ ಒಂದು ತೆಗ್ಗು ಐತೆಲ್ಲ, ಅಲ್ಲೆ ಗಾಡಿ ಒಮ್ಮೆ ಕುಕ್ಕರಿಸಿತಂತ. ಪಟ್ ಅಂತಂತ. ಹಿಂದಿನ ಗಾಲಿ ಹಿಡಕೊಂತಂತ. ಅಷ್ಟ ಅವರಿಗೆ ನೆಪ್ಪಿರೂದು. ಆಮ್ಯಾಲ ಕಲ್ಲಿನ ಮ್ಯಾಲ ಬಿದ್ದಿದ್ರು. ಹೆಗಲ ಎಲುಬು ಎರಡು ತುಂಡು. ಕುರಿ ಕಾಯೋರು ನೋಡಿ ಫೋನ್ ಮಾಡಿದ್ರು. ರೋಣದ ದವಾಖಾನಿ ಮುಟ್ಟೂತನಾ ನಾ ಅವರ ಮಾರೀನ ನೋಡಿಲ್ಲ ಚಾಚಾ. ನೋಡಾಕ ಧೈರ್ಯ ಆಗ್ಲಿಲ್ಲ.

ಇಲ್ಲ, ಈಗ ಆರಾಮ ಅದಾರ. ಎಲುಬು ಕೂಡೇತಿ. "ಇನ್ನ ಗಾಡಿ ಹೊಡೀಬಹುದು" ಅಂತ ಡಾಕ್ಟರು ಹೋದ ವಾರ ಹೇಳ್ಯಾರ. ಆದ್ರ ಅವರು ಗಾಡಿ ಹತ್ರ ಸುಳೀವಲ್ರು. ಹಿತ್ತಲದಾಗ ಗೋಣಿಚೀಲ ಮುಚ್ಚಿ ನಿಲ್ಲಿಸಿದ್ದು, ನಲವತ್ತೈದು ದಿನ ಹಂಗ ನಿಂತೈತಿ. ಮುಟ್ಟಿಲ್ಲ ಯಾರೂ. ದಿನಾ ಕಟ್ಟಿ ಮ್ಯಾಲ ಕುಂತು ತಮ್ಮ ಬಲಗಾಲ ನೋಡ್ಕೋತ ಇರ್ತಾರ. ಯಾಕ ಗೊತ್ತೇನು? "ನೀಲಾ, ನಜೀರ ಚಾಚಾನ ಕೈ ತಪ್ಪಂಗಿಲ್ಲ. ಗಾಲಿ ಹಿಡಕೋಬೇಕಂದ್ರ ನನ್ನ ಕಾಲ ಬ್ರೇಕ್ ಒತ್ತಿರಬೇಕು. ನನಗ ತಿಳೀದಂಗ ಒತ್ತೇತಿ. ನಾಳೆ ಮತ್ತ ಒತ್ತಿದ್ರ?" ಹಿಂಗಂತಾರ! ತಮ್ಮ ಕಾಲಿಗೆ ತಾವ ಹೆದರ್ಯಾರ! ನಿಮ್ಮ ಕೈ ಮ್ಯಾಲ ಅಷ್ಟು ನಂಬಿಗಿ, ತಮ್ಮ ಕಾಲ ಮ್ಯಾಲ ಇಲ್ಲ!

ಸೂಪರ್‌ವೈಸರ್ ಶಿವನಪ್ಪ ನಿನ್ನೆ ಮನೀತನಾ ಬಂದಿದ್ದ. ಸೋಮವಾರ ಕೆಲಸಕ್ಕ ಬರ್ಲಿಲ್ಲಂದ್ರ ಶಿರೋಳದವನೊಬ್ಬನ್ನ ತಗೋತೀನಿ ಅಂತ ಹೇಳಿ ಹೋದ. ಇವತ್ತ ಶುಕ್ರವಾರ. ಲೆಕ್ಕ ನೀವ ಹಾಕ್ರಿ.

ಅದಕ್ಕ ಬಂದೀನಿ. ನಿಮ್ಮ ಹತ್ರ ರೊಕ್ಕ ಕೇಳಾಕ ಬಂದಿಲ್ಲ, ಹೊಸಾ ಚೈನು ಪುಕ್ಕಟೆ ಹಾಕ್ರಿ ಅಂತ ಬಂದಿಲ್ಲ. ಒಂದ ಮಾತು ಸಾಕು ನನಗ. ನೀವು ಇವತ್ತ ನಮ್ಮ ಮನಿಗೆ ಬರ್ಬೇಕು. ಅವರ ಮುಂದ ನಿಂತು, "ಶಂಭು, ನಿನ್ನ ಕಾಲ ತಪ್ಪಿಲ್ಲಪಾ. ನನ್ನ ಕೈ ತಪ್ಪೇತಿ. ಗಾಲಿ ವಾರಿ ಕುಂದರಿಸಿದ್ದೆ" ಅನ್ನಬೇಕು. ಅಷ್ಟ. ಅಷ್ಟಂದ್ರ ಅವರು ಎದ್ದು ಗಾಡಿ ಹತ್ತಾರ. ಒಂದ ಮಾತಿಗೆ ನಿಮ್ಮ ಗಂಟೇನ್ ಹೋಗ್ತೈತಿ?

ಯಾಕ ನಗ್ತೀರಿ?

ನಕ್ರಿ! ಮೀಸಿ ಒಳಗ ನಕ್ರಿ, ನಾ ನೋಡೀನಿ. ಸೀರಿ ನೇಯೂ ಹೆಂಗಸಿಗೆ ಗಾಡಿ ಗಾಲಿ ಏನ್ ತಿಳೀತೈತಿ ಅಂತೇನು? ಹತ್ತನೇ ಕ್ಲಾಸಿನತನಾ ಕಲತೀನಿ ಚಾಚಾ. ಮುಂದ ಕಲಸಲಿಲ್ಲ, ಮಗ್ಗದ ಮುಂದ ಕುಂದರಿಸಿದ್ರು, ಅದು ಬ್ಯಾರೆ ಮಾತು. ನಮ್ಮ ಓಣ್ಯಾಗ ಯಾರ ಮಿಕ್ಸರ್ ಕೆಟ್ರೂ, ಯಾರ ಇಸ್ತ್ರಿ ಕೆಟ್ರೂ ನನ್ನ ಹತ್ರಾನ ತರ್ತಾರ. ಕೇಳ್ರಿ ಬೇಕಾದ್ರ ಹೊನ್ನವ್ವನ್ನ. ಆಕಿ ಫ್ಯಾನು ಮೂರು ವರ್ಷ ಆತು, ನಾ ಕಟ್ಟಿದ ವೈರಿನ ಮ್ಯಾಲ ತಿರಗಾಕತ್ತೈತಿ!

ಮತ್ತ ಸೀದಾ ಅಂದ್ರೇನು, ವಾರಿ ಅಂದ್ರೇನು, ಅದನ್ನ ನಮಗ ಹೇಳಾಕ ಬರಬ್ಯಾಡ್ರಿ. ಮಗ್ಗದ ಹಿಂದ ಹಾಸಿನ ಉದ್ದನ್ನ ಎಳಿ ಸುತ್ತಿದ ಕಟಗಿ ಇರ್ತೈತಲ್ಲ, ಅದು ಒಂದ ಕಡೆ ಜ್ವಾಳದ ಕಾಳಿನಷ್ಟು ಹಿಂದ ಸರೀಲಿ, ಸಾಕು, ಹದಿನಾರ ಮೊಳದ ಸೀರಿ ಪೂರಾ ವಾರಿ ಹೋಗ್ತೈತಿ. ಸಾವಕಾರ ಒಗದ ಬಿಡ್ತಾನ ಮಾರಿ ಮ್ಯಾಲ. ಎರಡೂ ಕಡೆ ಒಂದ ಸಮ ಇರ್ಬೇಕು, ಒಂದ ಸಮ ಬಿಗಿ ಇರ್ಬೇಕು. ನಿಮ್ಮ ಗಾಲೀದು ಅದಕ್ಕಿಂತ ಏನ್ ಹೆಚ್ಚಿಂದು?

ಮತ್ತ ಚೈನು! ಅದನ್ನ ನೀವು ಹ್ಯಾಂಗ ಬಿಟ್ಟಿದ್ರಿ? ಜೋತು ಬಿದ್ದಿತ್ತು! ಅಡ್ಡ ಎರಡು ಬೆರಳು ಸಡಲ! ಕೆಳಗಿಂದ ಬೆರಳ ಹಚ್ಚಿ ಎತ್ತಿದ್ರ ಸೀರಿ ಒಣಾಕಿದ ಹಗ್ಗದಂಗ ಮ್ಯಾಲ ಕೆಳಗ ಆಗ್ತಿತ್ತು. ಅದು ಕೆಲಸೇನು? ಹಾಸು ಹಂಗ ಸಡಲ ಬಿಟ್ರ ಲಾಳಿ ಸಿಕ್ಕೊಂಡು ನೂರ ಎಳಿ ಹರೀತಾವ. ನಮ್ಮಪ್ಪ ನನ್ನ ಕೈ ಮ್ಯಾಲ ಮಗ್ಗದ ಹಣಿಗಿಲೆ ಹೊಡದು ಹೊಡದು ಕಲಸ್ಯಾನ, ಸಡಲ ಬಿಡೂದು ಅಂದ್ರ ಮೈಗಳ್ಳತನ ಅಂತ. ಸಡಲ ಚೈನು ಜಿಗದು ಹಲ್ಲಿನ ಚಕ್ರ ಬಿಟ್ಟು ಬಂದೈತಿ, ಸಿಕ್ಕೊಂಡೈತಿ, ಹರದೈತಿ. ಇಷ್ಟ! ಇದಕ್ಕೇನ್ ಇಂಜಿನಿಯರ್ ಆಗಬೇಕೇನು?

ಏನು? ನಾ ಯಾವಾಗ ಮುಟ್ಟಿ ನೋಡಿದೆ ಅಂತೀರೇನು? ನೀವೇನೂ ಅಂದಿಲ್ಲ. ಆದ್ರ ಕಣ್ಣಾಗ ಕೇಳಿದ್ರಿ. ಕಣ್ಣಿಗೆ ಕಾಣಲ್ಲೇನ್ರಿ, ಜೋತು ಬಿದ್ದದ್ದು? ಬಟ್ಟಿ ಒಗಿಯೂವಾಗ ಹಿತ್ತಲದಾಗ ಎದುರಿಗೇ ಇರ್ತೈತಿ, ಕಂಡ್ತು. ಕಂಡದ್ದಕ್ಕೂ ತಪ್ಪೇನು?

ಶೈಲಾ, ನೀ ಸುಮ್ನಿರು. ನಿನ್ನ ಯಾರ್ ಕೇಳಿದ್ರೀಗ? ಹೋಗು, ಅಲ್ಲೆ ಬೆಕ್ಕಿನ ಮರಿ ಐತಿ, ನೋಡ್ಹೋಗು.

ಆಕಿ ಮಾತು ತಲಿಗಿ ತಗೋಬ್ಯಾಡ್ರಿ ಚಾಚಾ. "ಅವ್ವ ದಾರಾ, ಅವ್ವ ದಾರಾ" ಅಂತಿರ್ತಾಳ ದಿನಾ. ಮಗ್ಗದ ಮನಿ ಕೂಸು, ಮತ್ತೇನಂದೀತು? ಮಗ್ಗದ ಕುಣ್ಯಾಗ ನನ್ನ ಕಾಲ ಸಂದ್ಯಾಗ ಬೆಳದದ್ದು.

ಯಾಕ, ಗಾಲಿ ಮುಂದ ಮಕ್ಕೊಂಡ್ರಿ? ಹಾಂ, ನೋಡ್ರಿ, ಚಲೋತ್ನ್ಯಾಗ ನೋಡ್ರಿ. ಒಂದು ಕಣ್ಣು ಮುಚ್ಚಿ ನೋಡ್ರಿ. ವಾರಿ ಐತಿಲ್ಲೋ?

...ಇಲ್ಲ? ಅದೇನ್ ಕೈ ಹಂಗ ಸೀದಾ ಮಾಡಿ ತೋರಸ್ತೀರಿ? ಸೀದಾ ಐತೇನು? ಸೀದಾ ಇದ್ರ ಇರ್ಲಿ! ಬಿದ್ದ ಹೊಡೆತಕ್ಕ ಸೀದಾ ಆಗಿರ್ಬೇಕು. ಯಾಕ, ಆಗಬಾರದೇನು? ಬಿದ್ದು ವಾರಿ ಆಗೋದು ಐತಿ, ಸೀದಾ ಆಗೂದು ಇಲ್ಲೇನು?

ನಗಬ್ಯಾಡ್ರಿ ಅಂದ್ನಿಲ್ಲ!

ಬರ್ರಿ ಖತೀಜಾಬಿ ಚಾಚಿ. ಚಾ ಬ್ಯಾಡ್ರಿ ನನಗ. ಬ್ಯಾಡ ಅಂದೆ. ಕೂಸಿಗೆ ಬಿಸ್ಕೀಟ್ ಕೊಡ್ರಿ, ಅದರ ಮ್ಯಾಲ ನಂದೇನ್ ಸಿಟ್ಟಿಲ್ಲ. ಚಾಚಿ ಬಿಸ್ಕೀಟ್ ಕೂಸಿನ ಕೈಯಾಗಿಟ್ಟು ಒಳಗ ಹೋದ್ರು ನೋಡ್ರಿ, ನನ್ನ ಕಡೆ ನೋಡ್ಲಿಲ್ಲ. ಮೊನ್ನೆ ನಳದ ಹತ್ರಾನೂ ನಾ ಕೊಡ ಹಿಡದದ್ದು ನೋಡಿ ಮಾರಿ ಆಕಡೆ ತಿರುವಿದ್ರು. ಹದಿನೈದು ದಿನದಿಂದ ಹಿಂಗ. ಯಾಕ ಅಂತ ನನಗ ಗೊತ್ತೈತಿ. ನಾ ಹೇಳೀನಿ, ಸುಳ್ಳ್ಯಾಕ ಹೇಳ್ಲಿ? ನಳದ ಹತ್ರ ನಾಲ್ಕು ಮಂದಿ ಮುಂದ ಹೇಳೀನಿ, "ನಜೀರಸಾಬಗ ಕಣ್ಣು ಮಂಜಾಗ್ಯಾವ, ಗಾಲಿ ಸೀದಾ ಇದ್ದದ್ದು ವಾರಿ ಇದ್ದದ್ದು ತಿಳೀವಲ್ದು" ಅಂತ. ಅದು ಓಣಿಯಿಂದ ಓಣಿಗೆ ಹೋಗೇತಿ. ನಮ್ಮ ಓಣಿ ಗಾಡಿ ಒಂದೂ ಇತ್ಲಾಗ ಬರವಲ್ದು, ಎಲ್ಲಾ ಬಸ್‌ಸ್ಟ್ಯಾಂಡ್ ಕಡೆ ಹೊಂಟಾವ, ಅದೂ ಕಾಣ್ತೈತಿ. ನಿಮ್ಮ ಅಂಗಡ್ಯಾಗ ಮೊದಲು ಕಾಲಿಡಾಕ ಜಾಗ ಇರ್ತಿರಲಿಲ್ಲ, ಇವತ್ತ ನಮ್ಮದೊಂದ ಗಾಡಿ ನಿಂತೈತಿ. ಆದ್ರ ನಾನೂ ಏನ್ ಮಾಡ್ಲಿ? ನನ್ನ ಗಂಡ ಕಾಲ ನೋಡ್ಕೋತ ಕುಂತಾರ. ಯಾರದರೆ ತಪ್ಪು ಇರ್ಬೇಕಲ್ಲ! ಯಾರದೂ ತಪ್ಪಿಲ್ದ ಎಲುಬು ಮುರೀತೈತೇನು?

ಬೈರಿ ಬೇಕಾದ್ರ. ಬೈರಿ! ನನಗ ಬಾಯಾಗ ಬಾಯಿ ಕೊಡೋರು ಬೇಕು. ಹಿಂಗ ಕಲ್ಲಿನಂಗ ಕುಂತ್ರ ನಾ ಯಾರ ಜೋಡಿ ಜಗಳಾಡ್ಲಿ?

ಏನದು ತೋರಸಾಕತ್ತೀರಿ? ಹಳದಿ ಬಣ್ಣ. ಹೌದು, ಬಣ್ಣ ಐತಿ. ಏನೀಗ? ...ನೀವು ಬಿಗಿ ಮಾಡಿದ ಮ್ಯಾಲ ನಟ್ಟಿನ ಮ್ಯಾಲ ಗೀಟು ಎಳೀತೀರಿ, ಗೊತ್ತೈತಿ, ಅವರು ಹೇಳ್ತಿದ್ರು. "ಚಾಚಾ ಕುಂಚಾ ಇಟಗೊಂಡಾನ, ತಾ ಬಿಗದ ನಟ್ಟಿಗೆ ಕುಂಕುಮ ಇಟ್ಟಂಗ ಹಳದಿ ಇಡ್ತಾನ" ಅಂತ ನಕ್ಕೋತ ಹೇಳ್ತಿದ್ರು. ನಟ್ಟಿನ ಮ್ಯಾಲ ಅರ್ಧ, ಗಾಲಿ ಹಿಡದಿರೋ ಚಿಮಟಾದ ಮ್ಯಾಲ ಅರ್ಧ. ಎರಡೂ ಎದುರಾಬದುರಾ ಇದ್ರ ಯಾರೂ ಮುಟ್ಟಿಲ್ಲ ಅಂತ...

ಅದು... ಗುಡ್ಡದ ದಾರ್ಯಾಗ ಗಾಡಿ ಅಲಗಾಡತೈತಿ. ಅಲಗಾಡಿ ಅಲಗಾಡಿ ನಟ್ ತಿರಗಿರ್ಬೇಕು. ಗೀಟು ಎಲ್ಲಿಂದ ಎಲ್ಲಿಗೋ ಹೋಗೇತಿ, ಅಷ್ಟ.

ಆಕಡೇದೂ ತೋರಸ್ತೀರೇನು? ನೋಡಿದೆ. ಅದೂ ತಿರಗೇತಿ. ಹೌದ್ರಿ, ಒಂದ ಸಮ ತಿರಗ್ಯಾವ. ಚಿಮಟಾದ ಮ್ಯಾಲಿನ ಅಳತಿ ಗೆರಿ ನೋಡಿದ್ರ ಗಾಲಿ ಇತ್ಲಾಗ ಮೂರು ಗೆರಿ ಹಿಂದ, ಅತ್ಲಾಗ ಮೂರು ಗೆರಿ ಹಿಂದ. ಬೆರಳ ಮಾಡಿ ಎಣಿಸಿ ತೋರಸಬ್ಯಾಡ್ರಿ, ನನಗೂ ಎಣಸಾಕ ಬರ್ತೈತಿ! ತಾವ ತಿರಗಿದ್ರ ಒಂದು ಹೆಚ್ಚು ಒಂದು ಕಡಿಮಿ ತಿರಗ್ತಿದ್ವು, ಒಂದ ಸಮ ಹ್ಯಾಂಗ ತಿರಗ್ತಾವು, ಅಂತೀರೇನು? ನೀವು ಅಂದಿಲ್ಲ, ನಾನ ಅಂದೆ. ಆತು, ನಾನ ಅಂದೆ!

ಅಂದ್ರ ಯಾರೋ ಮುಟ್ಯಾರ. ಮುಟ್ಟಿರ್ಬೇಕು. ಅಲ್ಲೆ ಗುಡ್ಡದ ಮ್ಯಾಲ ಹತ್ತು ಮಂದಿ ಅಡ್ಡಾಡ್ತಾರ, ಫ್ಯಾನಿನ ಮಿಸ್ತ್ರಿಗಳು ಬರ್ತಾರ, ಅವರ ಹತ್ರ ನಟ್ ತಿರುವೋ ಎಲ್ಲಾ ಥರದ ಪಾನಾ ಇರ್ತಾವ. ಯಾವನೋ ಕೈ ಆಡಿಸಿರ್ಬೇಕು. ನಿಮ್ಮ ತಪ್ಪಲ್ಲ ಅಂತಾದ್ರೂ ಇಟಗೊಳ್ರಿ, ಬಂದು ನಿಮ್ಮದು ಅಂತ ಹೇಳ್ರಿ ಚಾಚಾ. ನಿಮಗೇನ್ ಕಡಿಮಿ ಆಗ್ತೈತಿ? ನಿಮ್ಮ ಹೆಸರು ಈಗರೆ ಹೆಂಗೂ...

ಹಂಗ ನೋಡಬ್ಯಾಡ್ರಿ. ತಪ್ಪಾತು. ಆ ಮಾತು ಆಡಬಾರದಿತ್ತು.

ಮತ್ತೇನ್ ಹುಡುಕ್ತೀರಿ ಅಲ್ಲೆ? ಚಿಮಟಾದ ಸಂದ್ಯಾಗ ಏನೈತಿ, ಬರೇ ರಾಡಿ. ಎಣ್ಣಿ, ಮಣ್ಣು. ಬಿಡ್ರಿ, ನಮಾಜಿಗೆ ಹೊತ್ತಾಗ್ತೈತಿ ನಿಮಗ. ಕೈ ತೊಳಕೊಳ್ರಿ. ಚಾಚಾ... ಕೈ ತೊಳಕೊಳ್ರಿ ಅಂದೆ.

ಏನದು?

ದಾರ. ಹೂಂ, ದಾರ. ಗೋಣಿಚೀಲದ್ದು ಇರ್ಬೇಕು. ಚೀಲ ಮುಚ್ಚಿದ್ವಿ ಅಂತ ಹೇಳ್ಲಿಲ್ಲೇನು, ಅದರದು ಸುತಗೊಂಡಿರ್ಬೇಕು. ಒಗೀರಿ ಆಕಡೆ. ಎಷ್ಟೊತ್ತು ಬಿಡಿಸ್ತೀರಿ ಅದನ್ನ? ಅಂಗಿಗೆ ಒರಸಬ್ಯಾಡ್ರಿ, ಚಾಚಿ ಬೈತಾರ...

ಒರಸಬ್ಯಾಡ್ರಿ ಅಂದ್ನಿಲ್ಲ.

ಬಣ್ಣ ಕಾಣಾಕತ್ತು.

ದಾಳಿಂಬ್ರಿ ಬಣ್ಣ. ಗೋಣಿಚೀಲದ್ದಲ್ಲ. ಮತ್ತ ತುದೀಗೆ ಗಂಟು. ನೀವು ಗಂಟಿನ ಮ್ಯಾಲ ಬೆರಳಾಡಸೂದು ಯಾಕ ಅಂತ ನನಗ ತಿಳೀತೈತಿ. ಅಂಥಾ ಗಂಟು ನಿಮಗ ಹಾಕಾಕ ಬರಂಗಿಲ್ಲ, ಫ್ಯಾನಿನ ಮಿಸ್ತ್ರಿಗೂ ಬರಂಗಿಲ್ಲ. ಹರದ ಎಳೀಗೆ ನೇಕಾರರು ಹಾಕೋ ಗಂಟು. ಎಳಿ ಹಾಯೋ ಹಣಿಗಿ ಹಲ್ಲಿನ್ಯಾಗ ತಡೀಬಾರದು ಅಂತ ಅಕ್ಕಿಕಾಳಿಗಿಂತ ಸಣ್ಣ ಹಾಕ್ತೀವಿ. ಆದ್ರ ನೇಕಾರ ಓಣಿ ಅಂದ್ರ ನಲವತ್ತು ಮನಿ ಚಾಚಾ, ಎಲ್ಲಾರಿಗೂ ಬರ್ತೈತಿ ಆ ಗಂಟು...

ಏನರೆ ಅನ್ರಿ! "ಕಳ್ಳಿ" ಅನ್ರಿ!

ಎಲ್ಲಿ ಕಟ್ಟಾಕತ್ತೀರಿ ಮತ್ತ ಅದನ್ನ? ಇಂಜಿನ್ನಿನ ಹತ್ರ ಇರೋ ಸಣ್ಣ ಹಲ್ಲಿನ ಚಕ್ರಕ್ಕ ಒಂದು ತುದಿ. ಹಿಂದಿನ ಗಾಲಿ ಅಚ್ಚಿಗೆ ಒಂದು ತುದಿ. ಬಿಗಿ ಕಟ್ರಿ, ಸಡಲ ಆತು, ಇನ್ನ ಸ್ವಲ್ಪ ಎಳೀರಿ. ಹಾಂ. ಈಗ ಬೆರಳಿಲೆ ಮೀಟಿದ್ರ ಠಣ್ ಅಂದೀತು, ನೋಡ್ರಿ. ಚೈನಿನ ಜಾಗಾದಾಗ ದಾರ ಕಟ್ಟಿ ಏನ್ ಮಾಡ್ತೀರಿ? ದಾರದ ಮ್ಯಾಲ ಗಾಡಿ ಓಡಸ್ತೀರೇನು?

ಏನು? ನಾನ? ಗಾಡಿ ಮ್ಯಾಲ ಕುಂದ್ರಬೇಕೇನು? ನಾ ಹತ್ತಿಲ್ರೀ ಒಮ್ಮೇನೂ ಇದನ್ನ. ಇಷ್ಟೆತ್ತರ. ಹಿಡೀರಿ ಮತ್ತ ಹ್ಯಾಂಡಲ್, ಬೀಳಸೀರಿ. ಶೈಲಾ, ನಗಬ್ಯಾಡ. ಹಾಂ... ಕುಂತೆ. ಕುಂತೆ ಚಾಚಾ. ಏನಾತು? ದಾರ ಹಂಗ ಐತಿ. ಸ್ವಲ್ಪ ಬಿಗೀತು, ಅಷ್ಟ. ಮತ್ತ? ಜಿಗೀಬೇಕೇನು? ಈ ವಯಸ್ಸಿನ್ಯಾಗ ನನ್ನ ಕಡಿಂದ ಏನ್ ಕುಣಸ್ತೀರಪಾ ನೀವು. ನೀವೂ ಹಿಂದ ಒತ್ತತೀರಿ? ಒತ್ರಿ. ತೆಗ್ಗಿನ್ಯಾಗ ಬಿದ್ದಂಗ ಒತ್ರಿ—

...

ಹರೀತು.

ಪಟ್ ಅಂತು. ಹಿಂಗ ಅಂದಿರ್ಬೇಕು ಆವತ್ತೂ.

ಇಳೀತೀನಿ ತಡೀರಿ. ಕೈ ಕೊಡ್ರಿ ಸ್ವಲ್ಪ.

ಗಾಡಿ ತಗ್ಗಿದ್ರ ಗಾಲಿ ಹಿಂದ ಸರೀತೈತಿ. ಅಲ್ಲೇನ್ರಿ? ಮ್ಯಾಲ ಮನಿಶಾ ಕುಂತು, ಗಾಡಿ ತೆಗ್ಗಿನ್ಯಾಗ ಕುಕ್ಕರಿಸಿದ್ರ ಗಾಲಿ ಇಂಜಿನ್ನಿನಿಂದ ಇಷ್ಟು ದೂರ ಹೋಗ್ತೈತಿ. ಅದಕ್ಕ ನೀವು ಎರಡು ಬೆರಳು ಬಿಟ್ಟಿದ್ರಿ. ಮೈಗಳ್ಳತನಕ್ಕಲ್ಲ. ಮಗ್ಗ ಕುಂತಲ್ಲೇ ಕುಂತಿರ್ತೈತಿ ಚಾಚಾ. ಅದು ತೆಗ್ಗಿನ್ಯಾಗ ಬೀಳಂಗಿಲ್ಲ. ನನಗ ಅದು ಹೊಳೀಲಿಲ್ಲ.

ಸೋಮವಾರ ಮಧ್ಯಾಹ್ನ. ಅವರು ರಾತ್ರಿ ಕಾದು ಬಂದು ಮಲಗಿದ್ರು. ನಾ ಬಟ್ಟಿ ಒಣಾಕಾಕ ಹೋಗಿ ಚೈನು ನೋಡಿದೆ. ಜೋತು ಬಿದ್ದಿತ್ತು. ನನ್ನ ಕೈ ಕಡೀತು ಚಾಚಾ, ಸಡಲ ಕಂಡ್ರ ನನ್ನ ಕೈ ಕಡೀತಾವ. ಕಟಗಿ ತುಂಡ ಕೊಟ್ಟು ಗಾಡಿ ಎತ್ತಿದೆ. ಗಾಲಿ ಸೀದಾ ಐತಿಲ್ಲೋ ನೋಡಾಕ ಮಗ್ಗದಿಂದ ಎಳಿ ತಂದು ಹಿಂದಿನ ಗಾಲಿಯಿಂದ ಮುಂದಿನ ಗಾಲೀತನಾ ಎರಡೂ ಕಡೆ ಹಿಡದೆ, ಶೈಲಾನ ಕೈಯಾಗ ಒಂದು ತುದಿ ಕೊಟ್ಟು. ಆ ಸಲದ ಸೀರಿ ದಾಳಿಂಬ್ರಿ. ಓಣ್ಯಾಗ ಆ ಬಣ್ಣ ಆ ವಾರ ನನ್ನ ಮಗ್ಗದಾಗ ಅಷ್ಟ ಇತ್ತು. ಗಾಲಿ ಸೀದಾ ಮಾಡೀನಿ. ಅದರಾಗ ತಪ್ಪಿಲ್ಲ, ನೀವ ನೋಡಿದ್ರೆಲ್ಲ, ಕೂದಲೆಳಿಯಷ್ಟೂ ವಾರಿ ಇಲ್ಲ. ಆಮ್ಯಾಲ ಅವರ ಪಾನಾ ತಗೊಂಡು ಎರಡೂ ನಟ್ ತಿರುವಿ, ಗಾಲಿ ಒಂದ ಸಮ ಹಿಂದ ಸರಿಸಿ, ಚೈನು ಠಣ್ ಅನ್ನುವಂಗ ಬಿಗದೆ. ಹಾಸಿನಂಗ. ಬಿಗದು, "ಈಗ ಸರಿ ಆತು" ಅಂತ ಕೈ ಝಾಡಿಸಿದೆ. ಅವರಿಗೆ ಹೇಳ್ಲಿಲ್ಲ. ನಾಕ್ ದಿನ ಚಲೋ ಓಡ್ಲಿ, ಆಮ್ಯಾಲ ಹೇಳಿ, ನಿಮ್ಮ ನಜೀರ ಚಾಚಾಗಿಂತ ನಾ ಶ್ಯಾಣ್ಯಾಕಿ ಅಂತ ಜಂಬಾ ಕೊಚ್ಚಬೇಕು ಅಂತಿದ್ದೆ. ನಾಕ್ ತಾಸೂ ಓಡ್ಲಿಲ್ಲ.

ದವಾಖಾನ್ಯಾಗ ಕಣ್ಣು ತಗದ ಕೂಡ್ಲೇ ಅವರು "ನನ್ನ ಕಾಲ ತಪ್ತು ನೀಲಾ" ಅಂದ್ರು. ಆವಾಗ ಹೇಳಿದ್ರ ಆಗ್ತಿತ್ತು. ಬಾಯಿ ಬರ್ಲಿಲ್ಲ. ಇಡೀ ಓಣಿ ಹೆದರೂ ಬಾಯಿ ಇದು. ಅದೊಂದಕ್ಕ ಬರ್ಲಿಲ್ಲ. ಮರುದಿನ ಇನ್ನೂ ಬರ್ಲಿಲ್ಲ. ಆಮ್ಯಾಲ ನಿಮ್ಮ ಹೆಸರು ಬಂತು ಬಾಯಾಗ. ಅದು ಸರಳ ಬಂತು.

ಬೈರಿ ಈಗ. ಈಗರೆ ಬೈರಿ.

ಆತು. ಬೈಬ್ಯಾಡ್ರಿ.

ಆ ದಾರ ಕೊಡ್ರಿ ಇಲ್ಲೆ. ಎರಡೂ ತುಂಡು ಕೊಡ್ರಿ. ಗಂಟ ಹಾಕಂಗಿಲ್ಲ, ಹರದದ್ದು ಹರದಂಗ ಇರ್ಲಿ. ಅವರ ಅಂಗೈಯಾಗ ಇಡ್ತೀನಿ. ಬಣ್ಣ ನೋಡಿದ್ರ ಅವರಿಗೇ ತಿಳೀತೈತಿ ಯಾರ ಕೈದು ಅಂತ. ತಪ್ಪು ಅವರ ಕಾಲಿನದಲ್ಲ ಅಂತ. ಆಮ್ಯಾಲ ನಳದ ಹತ್ರ ಹೋಗ್ತೀನಿ. ಅಲ್ಲೆ ಹೊನ್ನವ್ವ ಇದ್ರ ಸಾಕು, ಸಂಜಿಯೊಳಗ ಊರಿಗೆಲ್ಲಾ ಮುಟ್ಟತೈತಿ.

ಏನು, ಪಾನಾ ನನ್ನ ಕೈಯಾಗ ಕೊಡ್ತೀರೇನು? ಬ್ಯಾಡ್ರಿ. ನೀವ ಬಿಗೀರಿ.

...ಹಿಡಿ ಅಂತೀರೇನು? ಹಿಡದೆ. ಹೊಸಾ ಚೈನು ಹಾಕ್ರಿ ಮೊದಲ. ಮತ್ತ ನಿಮ್ಮ ಕೈ ಚೈನಿನ ಕೆಳಗ ಇಡ್ರಿ ಚಾಚಾ. ಎರಡು ಬೆರಳು. ನಿಮ್ಮ ಬೆರಳಿಗೆ ತಾಕಿದ ಕೂಡ್ಲೇ ನಾ ನಿಲ್ಲಸ್ತೀನಿ.